ಸಾರಥಿ ನುವೊಲಾರಿ

ದೊಡ್ಡವರ ಚರಿತ್ರೆಯನ್ನು ಓದಿದರೆ ಮನಸ್ಸು ದೊಡ್ಡದಾಗುತ್ತದೆಂದು ನಮ್ಮ ಗುರುಗಳು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ನಂಬಿ ಪ್ರತಿ ವರ್ಷವೂ ಈ ಸಂಚಿಕೆಗೆ ಯಾರಾದರೊಬ್ಬರು ರಾಜರದೋ, ಸಂತರದೋ, ದೇಶಭಕ್ತರದೋ ಚರಿತ್ರೆಯನ್ನು ಬರೆದುಕೊಡುವುದು ವಾಡಿಕೆ. ನಾನು ಆನೆಗೊಂದಿಯವನು. ಅಂಜನಾದ್ರಿ, ಪಂಪಾಸರೋವರ, ಗಗನಮಹಲು, ನವವೃಂದಾವನಗಳ ನಡುವೆ ಬೆಳೆದವನು. ಕಲ್ಲುಕಲ್ಲಿಗೂ ಕಥೆಯಿರುವ ಊರಿನಲ್ಲಿ ಹುಟ್ಟಿ, ಅದನ್ನೆಲ್ಲ ಬಿಟ್ಟು ದೂರದ ಇಟಲಿ ದೇಶದ ಒಬ್ಬ ಮೋಟಾರು ಪಂದ್ಯಗಾರನ ಕಥೆಯನ್ನು ಹೇಳಹೊರಟಿದ್ದೇನೆ. ಇದಕ್ಕೆ ಕಾರಣ ಕೊಡುವುದು ನನ್ನ ಕರ್ತವ್ಯ.

ಕಾರಣವು ಅಳತೆಯಲ್ಲಿ ಬಹಳ ಸಣ್ಣದು. ಅಂಗೈಯಲ್ಲಿ ಹಿಡಿಯುವಂಥ ಆರು ಮೋಟಾರು ಗಾಡಿಗಳು ನನ್ನ ಬಳಿ ಇವೆ. ಎಲ್ಲವೂ ಇಟಲಿಯ ಹಳೆಯ ಪಂದ್ಯದ ಗಾಡಿಗಳ ಪ್ರತಿಕೃತಿಗಳು. ರಜೆಯಲ್ಲಿ ಪ್ರವಾಸಿಗರಿಗೆ ಸೈಕಲ್ಲು ಬಾಡಿಗೆ ಕೊಡುವ ಅಂಗಡಿಯೊಂದರಲ್ಲಿ ದುಡಿದು, ಬಂದದ್ದರಲ್ಲಿ ಪುಸ್ತಕಕ್ಕೆ ತೆಗೆದಿಟ್ಟು, ಉಳಿದ ದುಡ್ಡಿನಲ್ಲಿ ಒಂದೊಂದಾಗಿ ಕೊಂಡವು ಐದು. ಅವೂ ಬೇರೊಬ್ಬರು ಇಟ್ಟುಕೊಂಡು ಬಿಟ್ಟ ಹಳೆಯವು. ಆರನೆಯದನ್ನು ಕಿನ್ನಾಳದ ಹಿರಿಯ ಕುಶಲಕರ್ಮಿಯೊಬ್ಬರಿಂದ ಹಗುರವಾದ ಮರದ ತುಂಡನ್ನು ಬೇಡಿ ತಂದು ನಾನೇ ಕೆತ್ತಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಂಥವನು ಇಪ್ಪತ್ತನೆಯ ವಯಸ್ಸಿನಲ್ಲಿ ಆಟಿಕೆಗೆ ದುಡ್ಡು ಸುರಿಯುವುದನ್ನು ಕಂಡು ನಮ್ಮಪ್ಪ ಬೈಯಲಿಲ್ಲ; ಇವುಗಳಿಂದ ಏನು ಉಪಯೋಗವೆಂದು ಒಮ್ಮೆ ಕೇಳಿದರು, ಅಷ್ಟೆ. ಆ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ಈ ಗಾಡಿಗಳೊಳಗೆ ಕುಳಿತಿದ್ದ ಮನುಷ್ಯ ಯಾರೆಂಬುದು ತಿಳಿಯಿತು. ಆರರಲ್ಲಿ ಆರನ್ನೂ ಓಡಿಸಿದವನು ಒಬ್ಬನೇ. ಆತನ ಹೆಸರು ತಾತ್ಸಿಯೊ ನುವೊಲಾರಿ.

ಚರಿತ್ರೆಗೆ ತೊಡಗುವ ಮುನ್ನ ಈ ಪುಟ್ಟ ಗಾಡಿಗಳ ವಿಷಯವಾಗಿ ಎರಡು ಮಾತು. ಲಿವರ್‌ಪೂಲ್ ನಗರದ ಫ್ರಾಂಕ್ ಹಾರ್ನ್‌ಬಿ ಎಂಬಾತ 1901ರಲ್ಲಿ ಮೆಕ್ಯಾನೊ ಎಂಬ ಜೋಡಣೆಯ ಆಟಿಕೆಗೆ ಹಕ್ಕುಪತ್ರ ಪಡೆದ. ಆತನ ಕಂಪನಿ ಆಟಿಕೆ ರೈಲುಗಳನ್ನೂ ಮಾಡುತ್ತಿತ್ತು. ಆ ರೈಲುಗಳ ಪಕ್ಕದಲ್ಲಿ ಇಡುವುದಕ್ಕೆಂದು 1930ರ ದಶಕದಲ್ಲಿ ಸಣ್ಣ ಮೋಟಾರುಗಳು ಹುಟ್ಟಿದವು. ಅವೇ ಡಿಂಕಿ ಆಟಿಕೆಗಳು. ಒಂದು ಅಡಿಗೆ ಏಳು ಮಿಲಿಮೀಟರು ಎಂಬ ರೈಲಿನ ಅಳತೆಯನ್ನೇ ಹಿಡಿದದ್ದರಿಂದ, ನಿಜವಾದ ಗಾಡಿಯ ನಲವತ್ತಮೂರನೆಯ ಒಂದು ಪಾಲು ಎಂಬ ಲೆಕ್ಕ ರೂಢಿಗೆ ಬಂತು. ಈ ಅಳತೆಯಲ್ಲಿ ನಾಲ್ಕು ಮೀಟರಿನ ಗಾಡಿ ಒಂಬತ್ತು ಸೆಂಟಿಮೀಟರಿಗೆ ಇಳಿಯುತ್ತದೆ. ಅದರೊಳಗಿನ ಮನುಷ್ಯ ಹೆಬ್ಬೆರಳಿನಷ್ಟು ಆಗುತ್ತಾನೆ. ಇಟಲಿಯಲ್ಲಿಯೇ 1972ರಲ್ಲಿ ಆರಂಭವಾದ ಬ್ರೂಮ್ ಕಂಪನಿ ತನ್ನ ದೇಶದ ಹಳೆಯ ಪಂದ್ಯದ ಗಾಡಿಗಳನ್ನು ಇದೇ ಅಳತೆಯಲ್ಲಿ ಎರಕ ಹೊಯ್ದು ಲೋಕಕ್ಕೆಲ್ಲ ಹಂಚಿತು. ನಮ್ಮ ಸೀಮೆಗೆ ಇದು ಹೊಸ ವಿದ್ಯೆಯೇನಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಮರವನ್ನು ಕೊರೆದು, ಹುಣಸೆಬೀಜದ ಅಂಟಿನಿಂದ ಬೆಸೆದು, ಬಣ್ಣ ಹಚ್ಚಿ, ದೊಡ್ಡ ದೇವರನ್ನೂ ಆನೆ ಕುದುರೆಗಳನ್ನೂ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡುತ್ತ ಬಂದಿದ್ದಾರೆ. ಚಿಕ್ಕದಾದಾಗ ವಸ್ತು ಹತ್ತಿರವಾಗುತ್ತದೆ. ಹತ್ತಿರವಾದಾಗ ಅದರ ಕಥೆ ಕೇಳಬೇಕೆನಿಸುತ್ತದೆ.

ತಾತ್ಸಿಯೊ ನುವೊಲಾರಿ 1892ನೆಯ ಇಸವಿ ನವೆಂಬರ್ 16ರಂದು ಉತ್ತರ ಇಟಲಿಯ ಕಾಸ್ತೆಲ್ ದಾರಿಯೊ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಅದು ಮಂತುವಾ ನಗರದ ಸಮೀಪದಲ್ಲಿದೆ. ಲ್ಯಾಟಿನ್ ಭಾಷೆಯ ಮಹಾಕವಿ ವರ್ಜಿಲನೂ ಅದೇ ಸೀಮೆಯವನು. ಸಮತಟ್ಟಾದ ನೆಲ, ನದಿಗಳು, ಕಾಲುವೆಗಳು, ಭತ್ತದ ಗದ್ದೆಗಳು. ಗಂಗಾವತಿಯ ಕಡೆಯವರಿಗೆ ಆ ನೋಟ ಅಪರಿಚಿತವೆನಿಸಲಾರದು. ತಂದೆ ಆರ್ತೂರೊ ಬೇಸಾಯಗಾರ. ಆತನೂ ಆತನ ತಮ್ಮ ಜ್ಯುಸೆಪ್ಪೆಯೂ ಸೈಕಲ್ ಪಂದ್ಯಗಳಲ್ಲಿ ಹೆಸರಾದವರು. ಜ್ಯುಸೆಪ್ಪೆಯಂತೂ ಇಟಲಿಯ ಚಾಂಪಿಯನ್ ಆಗಿದ್ದನು. ಹುಡುಗನಿಗೆ ಚಕ್ರದ ಹುಚ್ಚು ಹಿಡಿದದ್ದು ಈ ಚಿಕ್ಕಪ್ಪನಿಂದ.

ಮೊದಲನೆಯ ಮಹಾಯುದ್ಧದಲ್ಲಿ ಆತ ಸೈನ್ಯದ ಗಾಡಿಗಳನ್ನು ಓಡಿಸಿದನು. ಗಾಯಾಳುಗಳ ಗಾಡಿಯೊಂದನ್ನು ರಸ್ತೆಯಿಂದ ಆಚೆ ಇಳಿಸಿದನೆಂದೂ, ಮೋಟಾರು ಓಡಿಸುವುದು ಆತನ ಕೈಲಾಗದ ಕೆಲಸವೆಂದು ಮೇಲಧಿಕಾರಿ ಬುದ್ಧಿ ಹೇಳಿದನೆಂದೂ ಒಂದು ಕಥೆಯುಂಟು. 1917ರಲ್ಲಿ ಕರೋಲಿನಾ ಪೆರೀನಾ ಎಂಬಾಕೆಯನ್ನು ಮದುವೆಯಾದನು. ಮರು ವರ್ಷ ಜಾರ್ಜೊ ಹುಟ್ಟಿದನು. ಹತ್ತು ವರ್ಷಗಳ ತರುವಾಯ ಆಲ್ಬೆರ್ತೊ. ಈ ಇಬ್ಬರು ಮಕ್ಕಳ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪಂದ್ಯಕ್ಕೆ ಇಳಿದಾಗ ಆತನಿಗೆ ಇಪ್ಪತ್ತೇಳು ತುಂಬಿತ್ತು. ಇತರರು ದಣಿದು ನಿಲ್ಲುವ ವಯಸ್ಸಿನಲ್ಲಿ ಆತ ಆರಂಭಿಸಿದನೆನ್ನಬೇಕು. 1920ರಲ್ಲಿ ಮೋಟಾರು ಸೈಕಲ್ಲು, ಮರು ವರ್ಷ ಮೋಟಾರು ಗಾಡಿ; ಆದರೆ ಹಲವು ವರ್ಷ ಎರಡು ಚಕ್ರದ ಮೇಲೆಯೇ ಆತನ ಕೀರ್ತಿ. ಬಿಯಾಂಕಿ ಕಂಪನಿಯ 350 ಸಿ.ಸಿ. ಗಾಡಿಯ ಮೇಲೆ 1925ರಲ್ಲಿ ಯುರೋಪಿನ ಚಾಂಪಿಯನ್ ಆದನು. ಅದೇ ವರ್ಷ ಆತನ ಸ್ವಭಾವವನ್ನು ತೋರಿಸುವ ಘಟನೆಯೊಂದು ನಡೆಯಿತು. ಹೆಸರಾಂತ ಪಂದ್ಯಗಾರ ಅಂತೋನಿಯೊ ಅಸ್ಕಾರಿ ಫ್ರಾನ್ಸಿನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡಿದ್ದನು. ಆ ಸ್ಥಾನಕ್ಕೆ ತಕ್ಕವನನ್ನು ಹುಡುಕುತ್ತಿದ್ದ ಆಲ್ಫಾ ರೋಮಿಯೊ ಕಂಪನಿ ನುವೊಲಾರಿಯನ್ನು ಮೊಂಜಾ ಎಂಬಲ್ಲಿಯ ಪಂದ್ಯದ ರಸ್ತೆಗೆ ಕರೆಸಿ ತನ್ನ ಗಾಡಿಯನ್ನು ಕೊಟ್ಟಿತು. ಕೆಲವೇ ಸುತ್ತುಗಳಲ್ಲಿ ಗಾಡಿ ಹಿಡಿತ ತಪ್ಪಿ, ಆತನ ಬೆನ್ನು ಹರಿದುಹೋಯಿತು. ಎರಡು ವಾರ ಕಳೆಯುವುದರೊಳಗೆ ಅದೇ ಮೊಂಜಾದಲ್ಲಿ ಮೋಟಾರು ಸೈಕಲ್ಲಿನ ದೊಡ್ಡ ಪಂದ್ಯ. ಮೈಗೆಲ್ಲ ಪಟ್ಟಿ ಸುತ್ತಿಸಿಕೊಂಡು, ಹೊಟ್ಟೆಗೆ ದಿಂಬು ಕಟ್ಟಿಸಿಕೊಂಡು, ಸವಾರಿಗೆ ಬಾಗಿದ ಭಂಗಿಯಲ್ಲಿಯೇ ಬಿಗಿಸಿಕೊಂಡ ಆತನನ್ನು ಇತರರು ಎತ್ತಿ ಗಾಡಿಯ ಮೇಲೆ ಕೂರಿಸಬೇಕಾಯಿತು. ಇಳಿಸುವುದಕ್ಕೂ ಇತರರೇ ಬೇಕಾಯಿತು. ಆದರೆ ಇಳಿಸುವ ಹೊತ್ತಿಗೆ ಆತ ಪಂದ್ಯವನ್ನು ಗೆದ್ದಿದ್ದನು.

ಆತ ನೋಡುವುದಕ್ಕೆ ಕುಳ್ಳ, ಸಪೂರ ಮೈ, ಮುಂದೆ ಚಾಚಿದ ಗಲ್ಲ. ಆ ಕಾಲದ ಪಂದ್ಯದ ಗಾಡಿಗಳೋ ಎತ್ತಿನ ಜೋಡಿಯನ್ನು ಹಿಡಿದಂತೆ ತೋಳಿನ ಬಲವನ್ನು ಬೇಡುವಂಥವು. ಬಲದಿಂದ ಹಿಡಿಯಲಾಗದ್ದನ್ನು ಆತ ಉಪಾಯದಿಂದ ಹಿಡಿದನು. ಮುಂದೆ ಫೆರಾರಿ ಗಾಡಿಗಳಿಂದ ಲೋಕಪ್ರಸಿದ್ಧನಾದ ಎಂಜೊ ಫೆರಾರಿ ಒಮ್ಮೆ ಆತನ ಪಕ್ಕದಲ್ಲಿ ಕುಳಿತು ಹೋಗಿ, ಕಂಡದ್ದನ್ನು ತನ್ನ ನೆನಪುಗಳಲ್ಲಿ ವಿವರಿಸಿದ್ದಾನೆ. ತಿರುವು ಬಂದಾಗ ಎಲ್ಲರೂ ವೇಗ ತಗ್ಗಿಸಿ ಮೆಲ್ಲಗೆ ತಿರುಗಿಸುತ್ತಾರೆ. ನುವೊಲಾರಿಯೋ, ತಿರುವಿಗೆ ಬಹಳ ಮೊದಲೇ ಗಾಡಿಯ ಮೂತಿಯನ್ನು ಒಳಬದಿಗೆ ಹೊರಳಿಸಿ, ವೇಗದ ಕಾಲನ್ನು ಎತ್ತದೆ, ನಾಲ್ಕು ಚಕ್ರಗಳೂ ಒಟ್ಟಿಗೆ ಪಕ್ಕಕ್ಕೆ ಜಾರುವಂತೆ ಬಿಡುತ್ತಿದ್ದನು. ಜಾರಿ ಮುಗಿಯುವ ಹೊತ್ತಿಗೆ ಮೂತಿ ಮುಂದಿನ ರಸ್ತೆಗೆ ಸರಿಯಾಗಿ ನೇರವಾಗಿರುತ್ತಿತ್ತು. ಇದನ್ನು ಓದಿದಾಗ ನನಗೆ ನಮ್ಮೂರಿನ ಹರಿಗೋಲಿನವರ ನೆನಪಾಯಿತು. ತುಂಗಭದ್ರೆ ತುಂಬಿದಾಗ ಅವರು ಆಚೆ ದಡಕ್ಕೆ ನೇರವಾಗಿ ಹುಟ್ಟು ಹಾಕುವುದಿಲ್ಲ. ದಡದ ಗುಂಟ ಮೇಲಕ್ಕೆ ಹೋಗಿ, ಹರಿಗೋಲನ್ನು ಸೆಳವಿಗೆ ಬಿಟ್ಟು, ಸೆಳವೇ ತಮ್ಮನ್ನು ಇಳಿಯಬೇಕಾದ ಕಲ್ಲಿಗೆ ತಂದು ಮುಟ್ಟಿಸುವಂತೆ ಮಾಡುತ್ತಾರೆ. ಎದುರಿಗಿರುವ ಶಕ್ತಿಯೊಡನೆ ಜಗಳವಾಡದೆ ಅದನ್ನೇ ಕೆಲಸಕ್ಕೆ ಹಚ್ಚುವ ಜಾಣ್ಮೆ ಎಲ್ಲ ದೇಶದಲ್ಲಿಯೂ ಒಂದೇ.

1927ರಲ್ಲಿ ಆತ ಬುಗಾಟ್ಟಿ ಗಾಡಿಗಳನ್ನು ಕೊಂಡು ತನ್ನದೇ ತಂಡವನ್ನು ಕಟ್ಟಿದನು. ಜೊತೆಗಾರ ಆಖಿಲ್ಲೆ ವಾರ್ಜಿ. ವಾರ್ಜಿ ಶ್ರೀಮಂತರ ಮಗ. ಅಳೆದು ತೂಗಿ ಓಡಿಸುವವನು. ಇಬ್ಬರೂ ಬೇಗನೆ ಬೇರೆಯಾದರು. ಅಲ್ಲಿಂದ ಮುಂದಕ್ಕೆ ಇಟಲಿಯ ಜನರೆಲ್ಲ ಎರಡು ಪಕ್ಷವಾಗಿ ನಿಂತು ನೋಡಿದ ಪೈಪೋಟಿ ಬೆಳೆಯಿತು. 1930ರ ಸಾವಿರ ಮೈಲಿಯ ಪಂದ್ಯದಲ್ಲಿ ಅದು ಉಚ್ಚಸ್ಥಿತಿಗೆ ಬಂತು. ಬ್ರೆಷಾ ನಗರದಿಂದ ಹೊರಟು ರೋಮ್ ಮುಟ್ಟಿ ಮತ್ತೆ ಬ್ರೆಷಾಕ್ಕೆ ಬರುವ, ಊರು ಕೇರಿಗಳ ನಡುವಿನ ಸಾಮಾನ್ಯ ರಸ್ತೆಗಳಲ್ಲಿಯೇ ನಡೆಯುವ ಈ ಪಂದ್ಯ ಸುಮಾರು 1600 ಕಿಲೋಮೀಟರಿನದು. ಇಬ್ಬರೂ ಆಲ್ಫಾ ರೋಮಿಯೊ ಗಾಡಿಗಳಲ್ಲಿ. ನುವೊಲಾರಿಯ ಪಕ್ಕದಲ್ಲಿ ಯಂತ್ರಜ್ಞ ಗ್ವಿದೊತ್ತಿ. ರಾತ್ರಿಯ ಕೊನೆಯ ಜಾವದಲ್ಲಿ ಮುಂದೆ ಹೋಗುತ್ತಿದ್ದ ವಾರ್ಜಿಗೆ ತಾನು ಬರುತ್ತಿರುವುದು ತಿಳಿಯಬಾರದೆಂದು ನುವೊಲಾರಿ ದೀಪಗಳನ್ನು ಆರಿಸಿ, ಕತ್ತಲೆಯಲ್ಲಿಯೇ ಬೆನ್ನಟ್ಟಿ, ಹತ್ತಿರಕ್ಕೆ ಬಂದ ಮೇಲೆ ಥಟ್ಟನೆ ದೀಪ ಹೊತ್ತಿಸಿ ದಾಟಿಹೋದನೆಂಬ ಕಥೆ ಇಟಲಿಯ ಮನೆಮಾತು. ಕಥೆಯಲ್ಲಿ ಎಷ್ಟು ಪಾಲು ಬಣ್ಣವೋ, ಗೆದ್ದದ್ದಂತೂ ನಿಜ. ಆ ಪಂದ್ಯದಲ್ಲಿ ಗಂಟೆಗೆ ಸರಾಸರಿ ನೂರು ಕಿಲೋಮೀಟರನ್ನು ಮೀರಿದವರಲ್ಲಿ ಆತನೇ ಮೊದಲಿಗ. ಆ 1750 ಸಿ.ಸಿ. ಗಾಡಿಯ ಪ್ರತಿಕೃತಿಯೇ ನನ್ನ ಸಂಗ್ರಹದಲ್ಲಿ ಮೊದಲನೆಯದು. ಅದರ ದೀಪಗಳು ಜೋಳದ ಕಾಳಿನಷ್ಟು.

ಮುಂದಿನ ಮೂರು ವರ್ಷಗಳು ಜೈತ್ರಯಾತ್ರೆಯಂಥವು. ಸಿಸಿಲಿ ದ್ವೀಪದ ಬೆಟ್ಟದ ರಸ್ತೆಗಳಲ್ಲಿ ನಡೆಯುವ ತಾರ್ಗಾ ಫ್ಲೋರಿಯೊ ಪಂದ್ಯವನ್ನು 1931ರಲ್ಲಿಯೂ 1932ರಲ್ಲಿಯೂ ಗೆದ್ದನು. 1932ರಲ್ಲಿ ಮೊನಾಕೊ, ಫ್ರಾನ್ಸ್, ಇಟಲಿಗಳ ಮಹಾಪಂದ್ಯಗಳನ್ನು ಗೆದ್ದು ಯುರೋಪಿನ ಚಾಂಪಿಯನ್ ಎನಿಸಿದನು. ಆ ವರ್ಷ ಕವಿ ಗಾಬ್ರಿಯೆಲೆ ದನುಂತ್ಸಿಯೊ ಆತನನ್ನು ಕರೆಸಿ ಒಂದು ಪುಟ್ಟ ಬಂಗಾರದ ಆಮೆಯನ್ನು ಕೊಟ್ಟನು. ಅತ್ಯಂತ ವೇಗದ ಮನುಷ್ಯನಿಗೆ ಅತ್ಯಂತ ನಿಧಾನದ ಪ್ರಾಣಿ ಎಂಬುದು ಕವಿಯ ಚಮತ್ಕಾರ. ನುವೊಲಾರಿ ಅದನ್ನು ಹಾಸ್ಯವೆಂದು ಮರೆಯಲಿಲ್ಲ. ತನ್ನ ಹಳದಿ ಅಂಗಿಯ ಮೇಲೆ ಕೊನೆಯವರೆಗೂ ಆಮೆಯನ್ನು ಧರಿಸಿದನು. ಸಮುದ್ರ ಕಡೆಯುವಾಗ ಬೆಟ್ಟವನ್ನು ಹೊತ್ತ ಕೂರ್ಮನ ಕಥೆ ಕೇಳಿ ಬೆಳೆದ ನಮಗೆ ಆ ಉಡುಗೊರೆಯಲ್ಲಿ ಬೇರೊಂದು ಅರ್ಥವೂ ಕಾಣುತ್ತದೆ. ವೇಗದ ಕೆಳಗೆ ಭಾರ ಹೊರುವ ತಾಳ್ಮೆಯೊಂದು ಇರಬೇಕು.

1933ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿಯ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಸೊಮ್ಮೆರ್ ಎಂಬ ಫ್ರೆಂಚ್ ಜೊತೆಗಾರನೊಡನೆ ಗೆದ್ದನು. ಸೋರುತ್ತಿದ್ದ ಪೆಟ್ರೋಲು ತೊಟ್ಟಿಗೆ ಚೂಯಿಂಗ್ ಗಮ್ ಮೆತ್ತಿ ಗಾಡಿಯನ್ನು ಕೊನೆ ಮುಟ್ಟಿಸಿದರೆಂದು ಹೇಳುತ್ತಾರೆ. ಅದೇ ವರ್ಷ ಮೊನಾಕೊದಲ್ಲಿ ವಾರ್ಜಿಯೊಡನೆ ನೂರು ಸುತ್ತುಗಳ ಸೆಣಸಾಟ. ಒಮ್ಮೆ ಇವನು ಮುಂದೆ, ಒಮ್ಮೆ ಅವನು. ಕೊನೆಯ ಸುತ್ತಿನಲ್ಲಿ ನುವೊಲಾರಿಯ ಗಾಡಿಗೆ ಬೆಂಕಿ ಹತ್ತಿತು. ಕೆಳಗಿಳಿದು ತಳ್ಳಿಕೊಂಡು ಹೋಗಲು ನೋಡಿದನು. ವಾರ್ಜಿ ಗೆದ್ದನು. ಗೆದ್ದದ್ದಕ್ಕಿಂತ ಸೋತದ್ದನ್ನೇ ಜನ ಹೆಚ್ಚು ನೆನೆಯುವ ಭಾಗ್ಯ ಕೆಲವರಿಗೆ ಮಾತ್ರ ಲಭಿಸುತ್ತದೆ. ಆ ವರ್ಷದ ನಡುವೆ ಆತ ಆಲ್ಫಾವನ್ನು ಬಿಟ್ಟು ಮಾಸೆರಾತಿ ಗಾಡಿಗೆ ಬಂದನು. 1934ರ ಏಪ್ರಿಲಿನಲ್ಲಿ ಅಲೆಸಾಂದ್ರಿಯಾ ಎಂಬಲ್ಲಿ ಮಳೆಯಲ್ಲಿ ಗಾಡಿ ಮರಕ್ಕೆ ಬಡಿದು ಕಾಲು ಮುರಿಯಿತು. ಮುಂದಿನ ತಿಂಗಳು ಬರ್ಲಿನ್ನಿನ ಪಂದ್ಯಕ್ಕೆ ಕಾಲಿಗೆ ಗಾರೆಕಟ್ಟಿನೊಡನೆಯೇ ಬಂದು, ಮೂರು ಪೆಡಲುಗಳನ್ನೂ ಎಡಗಾಲೊಂದರಿಂದಲೇ ಒತ್ತುವಂತೆ ಮಾಡಿಸಿಕೊಂಡು ಓಡಿಸಿ, ಐದನೆಯವನಾದನು. ನಾನು ಮರದಲ್ಲಿ ಕೆತ್ತಿದ್ದು ಈ ಮಾಸೆರಾತಿಯನ್ನು.

ಇನ್ನು ಆತನ ಬಾಳಿನ ಮಹಾದಿನಕ್ಕೆ ಬರುತ್ತೇನೆ. ಆ ಹೊತ್ತಿಗೆ ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ. ಮರ್ಸಿಡಿಸ್, ಆಟೊ ಯೂನಿಯನ್ ಎಂಬ ಎರಡು ಕಂಪನಿಗಳಿಗೆ ಸರ್ಕಾರದ ಹಣ ಹರಿದು, ಬೆಳ್ಳಿಯ ಬಣ್ಣದ ಅವರ ಗಾಡಿಗಳು ಯುರೋಪಿನಲ್ಲಿ ಯಾರಿಗೂ ಮಣಿಯದಂತಾಗಿದ್ದವು. 1935ರ ಜುಲೈ 28. ನ್ಯೂರ್‌ಬುರ್ಗ್‌ರಿಂಗ್ ಎಂಬ ಬೆಟ್ಟಗಾಡಿನ ರಸ್ತೆ. ಒಂದು ಸುತ್ತಿಗೆ 22.8 ಕಿಲೋಮೀಟರು, ಒಟ್ಟು 22 ಸುತ್ತು. ಜರ್ಮನರ ಗಾಡಿಗಳು ಒಂಬತ್ತು. ನುವೊಲಾರಿಗೆ ಸಿಕ್ಕಿದ್ದು ಎಂಜೊ ಫೆರಾರಿಯ ತಂಡದ ಹಳೆಯ ಕೆಂಪು ಆಲ್ಫಾ ಪಿ-3. ಎದುರಾಳಿಗಳ ಗಾಡಿಗಿಂತ ಅದು ನೂರರಷ್ಟು ಅಶ್ವಶಕ್ತಿ ಕಡಿಮೆಯದು. ಆತನಿಗೆ ನಲವತ್ತೆರಡು ವಯಸ್ಸು.

ಒದ್ದೆ ರಸ್ತೆ, ಮಂಜು. ಹತ್ತು ಸುತ್ತಿನ ಹೊತ್ತಿಗೆ ಕೆಂಪು ಗಾಡಿ ಎಲ್ಲರನ್ನೂ ದಾಟಿ ಮುಂದೆ ಬಂತು. ಅಷ್ಟರಲ್ಲಿ ಪೆಟ್ರೋಲು ತುಂಬಿಸಲು ನಿಲ್ಲಿಸಬೇಕಾಯಿತು, ಪಂಪು ಕೆಟ್ಟಿತು. ಡಬ್ಬಿಗಳಿಂದ ಕೈಯಲ್ಲಿ ಹೊಯ್ಯಬೇಕಾಗಿ ಎರಡು ನಿಮಿಷಕ್ಕೂ ಮೀರಿ ಹೊತ್ತು ಹೋಯಿತು. ಆರನೆಯ ಸ್ಥಾನಕ್ಕೆ ಬಿದ್ದನು. ಅಲ್ಲಿಂದ ಒಬ್ಬೊಬ್ಬರನ್ನೇ ಹಿಡಿಯುತ್ತ ಎರಡನೆಯ ಸ್ಥಾನಕ್ಕೆ ಬಂದನು. ಕೊನೆಯ ಸುತ್ತು ಆರಂಭವಾದಾಗ ಮರ್ಸಿಡಿಸ್‌ನ ಫಾನ್ ಬ್ರೌಖಿಚ್ ಇನ್ನೂ ಅರ್ಧ ನಿಮಿಷದಷ್ಟು ಮುಂದಿದ್ದನು. ಆದರೆ ಬೆನ್ನ ಹಿಂದಿನವನ ಭಯಕ್ಕೆ ಆತ ತನ್ನ ಟೈರುಗಳನ್ನು ಸವೆಸಿದ್ದನು. ಗುರಿ ಇನ್ನು ಕೆಲವೇ ಕಿಲೋಮೀಟರು ಇರುವಾಗ ಟೈರು ಸಿಡಿಯಿತು. ಸುಮಾರು ಮೂರು ಲಕ್ಷ ಜನರ ಮುಂದೆ, ಸರ್ಕಾರದ ದೊಡ್ಡವರ ಮುಂದೆ, ಬೆಳ್ಳಿಯ ಗಾಡಿಯ ಬದಲು ಕೆಂಪು ಗಾಡಿ ಬಂದು ನಿಂತಿತು. ಜರ್ಮನರೇ ಗೆಲ್ಲುವರೆಂಬ ನಂಬಿಕೆಯಿಂದ ಇಟಲಿಯ ರಾಷ್ಟ್ರಗೀತೆಯ ತಟ್ಟೆಯನ್ನು ಅವರು ಸಿದ್ಧವಾಗಿ ಇಟ್ಟುಕೊಂಡಿರಲಿಲ್ಲವೆಂದೂ, ನುವೊಲಾರಿ ತನ್ನ ಪೆಟ್ಟಿಗೆಯಿಂದಲೇ ಒಂದನ್ನು ತೆಗೆದುಕೊಟ್ಟನೆಂದೂ ಪ್ರತೀತಿ.

ಇತಿಹಾಸದ ವಿದ್ಯಾರ್ಥಿಯಾಗಿ ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಗೆಲುವನ್ನು ಸರ್ವಾಧಿಕಾರದ ಮೇಲೆ ಸ್ವಾತಂತ್ರ್ಯದ ಗೆಲುವೆಂದು ಬಣ್ಣಿಸುವುದು ಸುಲಭ, ಅದು ಸರಿಯಾಗದು. ಇಟಲಿಯಲ್ಲಿಯೂ ಆಗ ಮುಸೊಲಿನಿಯ ಆಳ್ವಿಕೆ. ಪಂದ್ಯದ ಗೆಲುವುಗಳನ್ನೆಲ್ಲ ಆತನ ಸರ್ಕಾರವೂ ತನ್ನ ಖಾತೆಗೆ ಬರೆದುಕೊಳ್ಳುತ್ತಿತ್ತು. ಮೂರು ವರ್ಷಗಳ ನಂತರ ನುವೊಲಾರಿಯೇ ಜರ್ಮನರ ಆಟೊ ಯೂನಿಯನ್ ಗಾಡಿಯನ್ನು ಓಡಿಸಿದನು. ರಾಜ್ಯಗಳು ಸಾಹಸಿಗಳನ್ನು ಬಾವುಟದ ಕೋಲಿನಂತೆ ಬಳಸಿಕೊಳ್ಳುತ್ತವೆ. ನಾವು ಚರಿತ್ರೆ ಓದುವಾಗ ಬಾವುಟವನ್ನೂ ಕೋಲನ್ನೂ ಬೇರೆ ಬೇರೆಯಾಗಿ ನೋಡಬೇಕು.

ಅದೇ 1935ರಲ್ಲಿ ಎರಡು ಎಂಜಿನ್ನುಗಳನ್ನು ಜೋಡಿಸಿದ ಬಿಮೋತೊರೆ ಎಂಬ ವಿಚಿತ್ರ ಗಾಡಿಯಲ್ಲಿ ಆತ ಗಂಟೆಗೆ 321 ಕಿಲೋಮೀಟರು ವೇಗವನ್ನು ಮುಟ್ಟಿದ್ದನು. 1936ರಲ್ಲಿ ಅಮೆರಿಕಕ್ಕೆ ಹೋಗಿ ವ್ಯಾಂಡರ್‌ಬಿಲ್ಟ್ ಬಹುಮಾನವನ್ನು ಗೆದ್ದು ತಂದನು. ಮರು ವರ್ಷ ಮತ್ತೆ ಅದೇ ಪಂದ್ಯಕ್ಕೆಂದು ಸಮುದ್ರ ದಾಟಿದಾಗ ಊರಿನಿಂದ ಸುದ್ದಿ ಬಂತು: ಹಿರಿಯ ಮಗ ಜಾರ್ಜೊ ಹೃದಯದ ಬೇನೆಯಿಂದ ತೀರಿಕೊಂಡಿದ್ದನು. ವಯಸ್ಸು ಹದಿನೆಂಟು. ತಂದೆಗೆ ಮಗನ ಮುಖ ನೋಡುವುದಕ್ಕೂ ಆಗಲಿಲ್ಲ.

1938ರಲ್ಲಿ ಪೋ ಎಂಬಲ್ಲಿ ಆಲ್ಫಾ ಗಾಡಿಗೆ ಬೆಂಕಿ ಹತ್ತಿ ಮೈ ಸುಟ್ಟಾಗ ಆ ಕಂಪನಿಯ ಸಹವಾಸವೇ ಸಾಕೆಂದು ಬಿಟ್ಟನು. ಆಟೊ ಯೂನಿಯನ್ನಿನ ತರುಣ ಸಾಹಸಿ ರೋಸೆಮಾಯರ್ ಅದೇ ವರ್ಷದ ಜನವರಿಯಲ್ಲಿ ಮಡಿದಿದ್ದನು. ಆ ಗಾಡಿಗಳಿಗೆ ತಕ್ಕ ಸಾರಥಿ ಇರಲಿಲ್ಲ. ಎಂಜಿನ್ನು ಹಿಂದಿರುವ ಆ ಗಾಡಿಯ ನಡೆಯೇ ಬೇರೆ. ನಲವತ್ತೈದು ವಯಸ್ಸಿನವನು ಹೊಸದಾಗಿ ಅಕ್ಷರ ಕಲಿತಂತೆ ಅದನ್ನು ಕಲಿತು, ವರ್ಷ ಮುಗಿಯುವುದರೊಳಗೆ ಮೊಂಜಾದಲ್ಲಿಯೂ ಇಂಗ್ಲೆಂಡಿನ ಡಾನಿಂಗ್ಟನ್ನಿನಲ್ಲಿಯೂ ಗೆದ್ದನು. 1939ರ ಸೆಪ್ಟೆಂಬರ್ 3ರಂದು ಬೆಲ್‌ಗ್ರೇಡಿನಲ್ಲಿ ಗೆದ್ದನು. ಅದೇ ದಿನ ಬ್ರಿಟನ್ನೂ ಫ್ರಾನ್ಸೂ ಜರ್ಮನಿಯ ಮೇಲೆ ಯುದ್ಧ ಸಾರಿದವು. ಆರು ವರ್ಷ ಯುರೋಪಿನ ರಸ್ತೆಗಳಲ್ಲಿ ಪಂದ್ಯದ ಗಾಡಿಗಳ ಬದಲು ಟ್ಯಾಂಕುಗಳು ಓಡಿದವು.

ಯುದ್ಧ ಮುಗಿದಾಗ ಆತನಿಗೆ ಐವತ್ತೆರಡು ದಾಟಿತ್ತು. ವರ್ಷಗಟ್ಟಲೆ ಎಂಜಿನ್ನಿನ ಹೊಗೆಯನ್ನು ಕುಡಿದು ಶ್ವಾಸಕೋಶ ಕೆಟ್ಟಿತ್ತು. ಓಡಿಸುತ್ತಿರುವಾಗಲೇ ರಕ್ತ ಕಾರುವಂತಾಗಿತ್ತು. 1946ರ ಏಪ್ರಿಲಿನಲ್ಲಿ ಎರಡನೆಯ ಮಗ ಆಲ್ಬೆರ್ತೊ ಮೂತ್ರಪಿಂಡದ ಬೇನೆಯಿಂದ ತೀರಿಕೊಂಡನು. ಅವನಿಗೂ ಹದಿನೆಂಟೇ. ಇಬ್ಬರು ಮಕ್ಕಳು, ಇಬ್ಬರಿಗೂ ಒಂದೇ ಆಯುಸ್ಸು. ಸಾವನ್ನು ಮೂವತ್ತು ವರ್ಷ ಬೆನ್ನಟ್ಟಿ ಕೆಣಕಿದವನನ್ನು ಸಾವು ಮುಟ್ಟಲಿಲ್ಲ; ಮನೆಯಲ್ಲಿದ್ದ ಮಕ್ಕಳನ್ನು ಒಯ್ದಿತು.

ಅದೇ ವರ್ಷ ಆತ ಮತ್ತೆ ಪಂದ್ಯಕ್ಕೆ ಇಳಿದನು. ತೂರಿನ್ ನಗರದ ಪಂದ್ಯವೊಂದರಲ್ಲಿ ಸಿಸಿತಾಲಿಯಾ ಎಂಬ ಸಣ್ಣ ಗಾಡಿಯ ಚುಕ್ಕಾಣಿಯೇ ಕಳಚಿ ಕೈಗೆ ಬಂತು. ಒಂದು ಕೈಯಲ್ಲಿ ಅದನ್ನು ಎತ್ತಿ ತೋರಿಸುತ್ತ, ಇನ್ನೊಂದು ಕೈಯಿಂದ ಉಳಿದ ಕಂಬಿಯನ್ನು ಹಿಡಿದು ಓಡಿಸಿದ ಚಿತ್ರ ಪ್ರಸಿದ್ಧವಾಗಿದೆ. 1947ರ ಸಾವಿರ ಮೈಲಿಯ ಪಂದ್ಯದಲ್ಲಿ ಅದೇ ಕಂಪನಿಯ 1100 ಸಿ.ಸಿ. ತೆರೆದ ಗಾಡಿಯಲ್ಲಿ ದೊಡ್ಡ ಗಾಡಿಗಳನ್ನೆಲ್ಲ ಹಿಂದಿಟ್ಟು ಹೊರಟವನು, ಕೊನೆಯ ಘಟ್ಟದ ಜಡಿಮಳೆಯಲ್ಲಿ ವಿದ್ಯುತ್ತಿನ ಭಾಗಗಳು ನೆನೆದು ಎರಡನೆಯವನಾದನು. 1948ರಲ್ಲಿ ಹೊಸ ಫೆರಾರಿ ಗಾಡಿಯೊಂದರಲ್ಲಿ ಅದೇ ಪಂದ್ಯ. ಮೊದಲು ಮಡ್‌ಗಾರ್ಡು ಕಿತ್ತುಹೋಯಿತು, ಆಮೇಲೆ ಬಾನೆಟ್ಟು ಹಾರಿತು, ಕುಳಿತ ಸೀಟು ಸಡಿಲವಾಯಿತು. ಆದರೂ ಎಲ್ಲರಿಗಿಂತ ಬಹಳ ಮುಂದಿದ್ದನು. ರೆಜ್ಜೊ ಎಮಿಲಿಯಾ ಪಟ್ಟಣದ ಸಮೀಪ ಸ್ಪ್ರಿಂಗು ಮುರಿದು ಗಾಡಿ ನಿಂತಿತು. ದಣಿದು ಬೆಂಡಾದ ಆತನನ್ನು ಊರಿನ ಪಾದ್ರಿಯ ಮನೆಯಲ್ಲಿ ಮಲಗಿಸಬೇಕಾಯಿತು. ದಾರಿಯುದ್ದಕ್ಕೂ ರೇಡಿಯೋ ಕೇಳುತ್ತಿದ್ದ ಜನರಿಗೆ ಅಂದು ಗೆದ್ದವನ ಹೆಸರು ಮುಖ್ಯವಾಗಲಿಲ್ಲ.

ಮಕ್ಕಳನ್ನು ಮಣ್ಣು ಮಾಡಿದ ತಂದೆ ಪಂದ್ಯಕ್ಕೆ ಹೋಗುವುದು ಶೌರ್ಯವೋ, ಕಲ್ಲೆದೆಯೋ, ಅಥವಾ ಮನೆಯ ಮೌನದಿಂದ ಓಡಿಹೋಗುವುದೋ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಸಾಯಲೆಂದೇ ಆತ ಹಾಗೆ ಓಡಿಸುತ್ತಿದ್ದನೆಂದು ಬರೆದವರೂ ಉಂಟು. ನನಗೆ ಹಾಗೆ ತೋರುವುದಿಲ್ಲ. ಸಾಯಬಯಸುವವನು ಮಳೆಯಲ್ಲಿ ನೆನೆದ ಎಂಜಿನ್ನನ್ನು ಒರೆಸಿ ಮತ್ತೆ ಹೊತ್ತಿಸಲು ಹೆಣಗುವುದಿಲ್ಲ. ನಮ್ಮೂರಿನಲ್ಲಿ ಬೆಳೆದ ಮಗನನ್ನು ಹೊಳೆಗೆ ಕಳೆದುಕೊಂಡ ರೈತರೊಬ್ಬರಿದ್ದಾರೆ. ಮೂರನೆಯ ದಿನ ಕಾಲುವೆಯ ನೀರಿನ ಸರದಿ ಅವರದಾಗಿತ್ತು. ರಾತ್ರಿ ಕಂದೀಲು ಹಿಡಿದು ಗದ್ದೆಗೆ ಹೋಗಿ ಮಡೆ ತಿರುಗಿಸಿ ಬಂದರು. ಊರಿನಲ್ಲಿ ಕೆಲವರು ಆಡಿಕೊಂಡರು. ಆದರೆ ಅವರಿಗೆ ತಿಳಿದಿದ್ದ ದುಃಖದ ಭಾಷೆ ಅದೊಂದೇ ಆಗಿತ್ತು. ಕೈಗೆ ಒಗ್ಗಿದ ಕೆಲಸವೇ ಕೆಲವರಿಗೆ ಊರುಗೋಲು. ನುವೊಲಾರಿಯ ಕೈಗೆ ಚುಕ್ಕಾಣಿಯಲ್ಲದೆ ಬೇರೆ ಊರುಗೋಲು ಸಿಕ್ಕಲಿಲ್ಲ.

1950ರ ಏಪ್ರಿಲ್ 10ರಂದು ಪಲೆರ್ಮೊ ನಗರದ ಬಳಿ ಬೆಟ್ಟವೇರುವ ಪಂದ್ಯವೊಂದರಲ್ಲಿ ತನ್ನ ವರ್ಗದಲ್ಲಿ ಮೊದಲಿಗನಾದನು. ಅದೇ ಆತನ ಕೊನೆಯ ಪಂದ್ಯ. ಆಮೇಲೆ ಪಾರ್ಶ್ವವಾಯು ಬಡಿಯಿತು. 1953ರ ಆಗಸ್ಟ್ 11ರಂದು ಮಂತುವಾದ ತನ್ನ ಮನೆಯಲ್ಲಿ, ಹಾಸಿಗೆಯ ಮೇಲೆ, ಅರವತ್ತನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟನು. ಹಳದಿ ಅಂಗಿ, ನೀಲಿ ಷರಾಯಿಯ ಪಂದ್ಯದ ಉಡುಪಿನಲ್ಲಿಯೇ ಮಣ್ಣು ಮಾಡಿದರು. ಶವಪೆಟ್ಟಿಗೆಯನ್ನು ಮೋಟಾರಿನ ಚೌಕಟ್ಟಿನ ಮೇಲಿಟ್ಟು, ಅಸ್ಕಾರಿ, ವಿಲ್ಲೊರೇಸಿ, ಫಾಂಜಿಯೊ ಎಂಬ ಆಗಿನ ಮಹಾ ಪಂದ್ಯಗಾರರು ಕೈಯಿಂದ ತಳ್ಳಿಕೊಂಡು ನಡೆದರು. ಹಾಗೆ ತಳ್ಳಿದ ಆಲ್ಬೆರ್ತೊ ಅಸ್ಕಾರಿ, 1925ರಲ್ಲಿ ಮಡಿದ ಅಂತೋನಿಯೊ ಅಸ್ಕಾರಿಯ ಮಗ. ನಗರದ ಜನವೆಲ್ಲ ಬೀದಿಗೆ ಬಂದಿತ್ತು. ಸದ್ದಿನಲ್ಲಿ ಬಾಳಿದವನ ಕೊನೆಯ ಪಯಣ ಎಂಜಿನ್ನಿನ ಸದ್ದಿಲ್ಲದೆ, ಮನುಷ್ಯರ ಹೆಜ್ಜೆಯ ವೇಗದಲ್ಲಿ, ಆಮೆಯ ನಡೆಯಲ್ಲಿ ಸಾಗಿತು.

ಆತನ ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ವೇಗವಲ್ಲವೆಂದು ತರುಣ ಮಿತ್ರರಲ್ಲಿ ವಿನಂತಿಸಿಕೊಳ್ಳುತ್ತೇನೆ. ನಮ್ಮ ಗಂಗಾವತಿಯ ರಸ್ತೆಯಲ್ಲಿ ಮೋಟಾರು ಸೈಕಲ್ಲನ್ನು ಬಾಣದಂತೆ ಬಿಡುವ ಹುಡುಗರನ್ನು ಕಂಡಾಗ ನನಗೆ ನುವೊಲಾರಿಯ ನೆನಪಾಗುವುದಿಲ್ಲ. ಅವರ ಮುಂದೆ ಖಾಲಿ ಮಾಡಿಸಿದ ಪಂದ್ಯದ ದಾರಿಯಿಲ್ಲ. ಶಾಲೆಯ ಮಕ್ಕಳೂ ಭತ್ತದ ಚಕ್ಕಡಿಗಳೂ ಇವೆ. ನುವೊಲಾರಿಯಿಂದ ಕಲಿಯಬೇಕಾದದ್ದು ಬೇರೆ. ಸಣ್ಣ ಮೈ, ಸಣ್ಣ ಊರು, ತಡವಾದ ಆರಂಭ, ಹಳೆಯ ಗಾಡಿ: ಇವು ಯಾವುವೂ ನೆಪಗಳಲ್ಲವೆಂಬುದು ಒಂದು. ಕೈಯಲ್ಲಿರುವುದನ್ನು ಅದರ ಕೊನೆಯ ಶಕ್ತಿಯವರೆಗೂ ಅರಿತು ದುಡಿಸಬೇಕೆಂಬುದು ಎರಡು. ಮನೆಯಲ್ಲಿ ಯಾರೂ ನಡೆಯದ ದಾರಿಯಲ್ಲಿ ಮೊದಲು ಹೆಜ್ಜೆಯಿಡುವವರಿಗೆ, ನಮ್ಮ ಕಾಲೇಜಿನಲ್ಲಿ ಅಂಥವರೇ ಬಹಳ, ಈ ಎರಡು ಮಾತು ಸಾಕೆಂದು ಭಾವಿಸುತ್ತೇನೆ.

ನಮ್ಮಪ್ಪನ ಪ್ರಶ್ನೆಗೆ ಈ ಲೇಖನವೇ ನನ್ನ ಉತ್ತರ. ಅವರಿಗೆ ಓದು ಬಾರದು. ಅಚ್ಚಾದ ಮೇಲೆ ಓದಿ ಹೇಳುತ್ತೇನೆ.